ಸಿದ್ದಪ್ಪನವರ ಸೋಮವಾರದ ಪುಟ

ಸಿದ್ದಪ್ಪನವರು ಸೊನ್ನೆಯನ್ನು ಬಲಗಡೆಯಿಂದ ಸುತ್ತಿ ಬರೆಯುತ್ತಿದ್ದರು. ಗೆರೆಯ ಎರಡು ತುದಿಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ; ಮೇಲೆ ಒಂದು ಸಣ್ಣ ಸಂದು ಉಳಿಯುತ್ತಿತ್ತು. ಆ ಪುಟದಲ್ಲಿ ಅಂಥ ಒಂಟಿ ಸೊನ್ನೆಗಳು ನಾಲ್ಕಿದ್ದವು. ಹನ್ನೆರಡು ಗಂಟೆಯ ಸಾಲಿನಲ್ಲಿ ಎರಡು, ಒಂದು ಗಂಟೆಯ ಸಾಲಿನಲ್ಲಿ ಎರಡು.

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಜ್ಜ ತೀರಿಕೊಂಡ ದಿನವೇ ನಡುಮನೆಯ ಗಡಿಯಾರ ನಿಂತುಹೋಯಿತು ಎಂದು ಅರಕಲಗೂಡಿನ ನಮ್ಮ ದೊಡ್ಡಮ್ಮ ಪ್ರತಿ ತಿಥಿಯಲ್ಲೂ ಹೇಳುತ್ತಾರೆ. "ಅದಕ್ಕೆ ಕೀ ಕೊಡ್ತಾ ಇದ್ದಿದ್ದು ಅಜ್ಜ ತಾನೆ ದೊಡ್ಡಮ್ಮ? ಅವರು ಆಸ್ಪತ್ರೆಯಲ್ಲಿದ್ದಾಗ ಬೇರೆ ಯಾರಾದ್ರೂ ಕೊಟ್ಟಿದ್ರಾ?" ಎಂದು ನಾನೊಮ್ಮೆ ಕೇಳಿದೆ. "ನಿನ್ನ ಓದಿಗೊಂದು ನಮಸ್ಕಾರ ಕಣೇ, ಮೊದ್ಲು ಎಲೆ ಹಾಕು ಹೋಗು" ಎಂದರು. ಹೋಗಿ ಎಲೆ ಹಾಕಿದೆ. ನನ್ನ ಪ್ರಶ್ನೆ ಸರಿಯಾಗಿಯೇ ಇತ್ತು ಎಂದು ಈಗಲೂ ಅನ್ನಿಸುತ್ತದೆ. ಇಂಥವು ನಡೆಯುವುದು ರಾತ್ರಿ, ಒಂಟಿ ದಾರಿಯಲ್ಲಿ ಎಂದೂ ಕೇಳಿದ್ದೆ. ನನಗಾದದ್ದು ಹಾಡಹಗಲು ಹನ್ನೆರಡು ಗಂಟೆಗೆ, ಕೆಲಸದ ಜಾಗದಲ್ಲಿ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವಳು. ಹೊಳೆನರಸೀಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಘಟಕವೊಂದಕ್ಕೆ ಕೆಲಸಕ್ಕೆ ಹೋಗುತ್ತೇನೆ. ಅದು ಯಾವ ಊರಿನದು ಎಂದು ಹೇಳುವುದಿಲ್ಲ. ನನ್ನ ಕೆಲಸ ನೀರಿನ ಪರೀಕ್ಷೆ. ಊರಿನ ಚರಂಡಿಯ ನೀರು ಒಂದು ಕಡೆಯಿಂದ ಬರುತ್ತದೆ. ಗಾಳಿ ಊದಿಸಿಕೊಂಡು, ತಿಳಿಯಾಗಿ, ಕ್ಲೋರಿನ್ ಬೆರೆಸಿಕೊಂಡು ಕೊನೆಗೆ ನೆಲದಡಿಯ ತೊಟ್ಟಿಗೆ, ಒಂದು ದೊಡ್ಡ ಸಂಪಿಗೆ, ಬೀಳುತ್ತದೆ. ಸಂಪಿನಲ್ಲಿ ಒಂದು ಪಂಪಿದೆ. ಅದು ನೀರನ್ನು ಎದುರಿನ ದಿಬ್ಬದ ಮೇಲಿನ ತೊಟ್ಟಿಗೆ ಏರಿಸುತ್ತದೆ. ಅಲ್ಲಿಂದ ಕೆಳಗಿನ ತೆಂಗಿನ ತೋಟಗಳಿಗೆ, ಹುಲ್ಲಿನ ಹೊಲಗಳಿಗೆ ಪೈಪಿನಲ್ಲಿ ಹೋಗುತ್ತದೆ. ಮೊದಲ ವರ್ಷ ಯಾರೂ ಆ ನೀರನ್ನು ಮುಟ್ಟಲಿಲ್ಲವಂತೆ. ಎರಡನೆಯ ವರ್ಷ ಗೌರಮ್ಮ ಎಂಬ ಹೆಂಗಸು ಬಿಡಿಸಿಕೊಂಡರು. ಅವರ ಹುಲ್ಲು ನೋಡಿ ಮೂರನೆಯ ವರ್ಷ ಸರದಿಗೆ ಜಗಳವಾಯಿತು.

ಆ ಪಂಪು ಓಡುವುದು ಬಿಸಿಲಿನಿಂದ. ಸಂಪಿನ ಪಕ್ಕದ ಖಾಲಿ ಜಾಗದಲ್ಲಿ ಸೋಲಾರ್ ಹಲಗೆಗಳ ಸಾಲುಗಳಿವೆ. ಬ್ಯಾಟರಿ ಇಲ್ಲ. ಬಿಸಿಲಿದ್ದಷ್ಟು ಹೊತ್ತು ಓಡುತ್ತದೆ, ದಟ್ಟವಾದ ಮೋಡ ಬಂದರೆ ನಿಲ್ಲುತ್ತದೆ, ಮೋಡ ಸರಿದರೆ ಯಾರೂ ಮುಟ್ಟದೆ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಿಂತ ಪಂಪು ಬಂದ್ ಆದ ಪಂಪಲ್ಲ. ಬಂದ್ ಮಾಡಬೇಕಾದರೆ ಪ್ಯಾನೆಲ್ ಕೋಣೆಗೆ ಹೋಗಿ ಗೋಡೆಯ ಮೇಲಿನ ಹ್ಯಾಂಡಲನ್ನು ಕೆಳಕ್ಕೆ ಎಳೆಯಬೇಕು. ಸಂಪಿಗೆ ಯಾರಾದರೂ ಇಳಿಯುವಾಗ ಸಿದ್ದಪ್ಪನವರು ಹ್ಯಾಂಡಲ್ ಎಳೆದು ತಮ್ಮ ಹೆಗಲಿನ ಟವೆಲನ್ನು ಅದಕ್ಕೆ ಕಟ್ಟುತ್ತಿದ್ದರು. ಟವೆಲ್ ಇದ್ದಷ್ಟು ಹೊತ್ತು ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಸಿದ್ದಪ್ಪನವರು ಹಗಲು ಪಾಳಿಯ ಆಪರೇಟರ್. ಬಾಗೂರಿನ ಕಡೆಯವರು, ನಿವೃತ್ತಿಗೆ ಎರಡು ವರ್ಷವಿತ್ತು. ಗಂಟೆಗೊಮ್ಮೆ, ಆ ಹೊತ್ತಿಗೆ ಪಂಪು ಎಷ್ಟು ನೀರು ಎತ್ತುತ್ತಿದೆ, ಸೋಲಾರಿನಿಂದ ಎಷ್ಟು ಯೂನಿಟ್ ಬರುತ್ತಿದೆ ಎಂದು ನೋಡಿ ಲಾಗ್ ಬುಕ್ಕಿನಲ್ಲಿ ಬರೆಯುವುದು ಅವರ ಕೆಲಸ. ಅವರು ಬೆಳಗ್ಗೆ ಏಳಕ್ಕೆ ಬಂದು ಟೀ ಕುಡಿಯುತ್ತಾ ಸಂಜೆ ಆರರವರೆಗಿನ ಎಲ್ಲ ಸಾಲುಗಳನ್ನೂ ಒಂದೇ ಸಲಕ್ಕೆ ಬರೆದುಬಿಡುತ್ತಿದ್ದರು. ನಾನು ಸೇರಿದ ವಾರವೇ ಇದನ್ನು ನೋಡಿ ಕೇಳಿದೆ.

"ಅಯ್ಯೋ ಮೇಡಮ್ನೋರೆ," ಎಂದರು. "ಈ ಬಿಸ್ಲು ಎಷ್ಟೊತ್ಗೆ ಎಷ್ಟು ಕೊಡ್ತದೆ ಅಂತ ನಂಗೊತ್ತಿಲ್ವಾ? ಎಂಡ್ರು ಸಾರಿಗೆ ಎಷ್ಟು ಉಪ್ಪಾಕ್ತಾಳೆ ಅಂತ ದಿನಾ ತೂಕ ಮಾಡ್ತೀವಾ? ನಾನು ಬರ್ದಂಗೆ ಅದು ನಡ್ಕೊಂಡೋಯ್ತದೆ, ನೋಡ್ತಾ ಇರಿ."

ನಾನು ಒಂದು ವಾರ ಅವರಿಗೆ ಗೊತ್ತಾಗದಂತೆ ಪ್ರತಿ ಗಂಟೆಯೂ ಮೀಟರ್ ನೋಡಿ ಹೋಲಿಸಿದೆ. ವ್ಯತ್ಯಾಸ ತೀರ ಕಡಿಮೆ ಇತ್ತು. ಆದರೂ ಅದು ಸುಳ್ಳೇ. ಹೇಳಿದೆ, ಮತ್ತೆ ಹೇಳಿದೆ. ಅವರು ನಕ್ಕರು. ಕೊನೆಗೆ ನಾನು ಒಂದು ಪತ್ರ ಬರೆದು ಅವರ ಕೈಗೆ ಕೊಟ್ಟೆ: ಇನ್ನು ಮುಂದೆ ಮುಂಚಿತವಾಗಿ ಬರೆದ ಪುಟ ಸಿಕ್ಕರೆ ಮೇಲಿನವರಿಗೆ ತಿಳಿಸುತ್ತೇನೆ ಎಂದು. ಆರು ಸಾಲಿನ ಪತ್ರ. ಅವರು ನಿಂತುಕೊಂಡೇ ಓದಿದರು, ಮಡಿಸಿ ಜೇಬಿಗೆ ಹಾಕಿಕೊಂಡರು, ಆವತ್ತು ನಗಲಿಲ್ಲ. ಆಮೇಲೆ ಗಂಟೆಗೊಮ್ಮೆ ಎದ್ದು ಹೋಗಿ ನೋಡಿ ಬರೆಯತೊಡಗಿದರು. ನನ್ನ ಹತ್ತಿರ ಮಾತು ಕಡಿಮೆಯಾಯಿತು.

ಮೂರು ವರ್ಷದ ಹಿಂದೆ, ಒಂದು ಭಾನುವಾರ ಬೆಳಗ್ಗೆ, ಸಿದ್ದಪ್ಪನವರು ತಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದವರು ಹಾಗೇ ಒರಗಿ ತೀರಿಕೊಂಡರು. ಶಿವರಾತ್ರಿ ಕಳೆದು ಬಿಸಿಲೇರಿದ ದಿನಗಳು. ನಮ್ಮ ಹೆಲ್ಪರ್ ರಂಗಸ್ವಾಮಿ ಫೋನು ಮಾಡಿ ಹೇಳಿದರು. ನಾನು ಚನ್ನರಾಯಪಟ್ಟಣಕ್ಕೆ ಬಸ್ಸು ಹಿಡಿದು, ಅಲ್ಲಿಂದ ಬಾಗೂರಿನ ಕಡೆಗೆ ಇನ್ನೊಂದು ಬಸ್ಸು ಹತ್ತಿ ಹೋದೆ. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಹೆಂಗಸರ ಮಧ್ಯೆ ಕೂರಿಸಿದರು. ಅಳು ಬರಲಿಲ್ಲ. ಎದುರಿನ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತಾ ಕುಳಿತೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಮೇಡಮ್ಮು ಅಂದ್ರೆ ನೀವೇನವ್ವಾ? ನೀವು ಕೊಟ್ಟ ಕಾಗ್ದವ ದೇವ್ರ ಗೂಡಲ್ಲಿ ಮಡಗವ್ರೆ. ನಂಗೆ ಓದಕ್ ಬರಕಿಲ್ಲ. ಏನ್ ಬರ್ದಿದ್ರಿ ಅದ್ರಲ್ಲಿ?" ಎಂದು ಕೇಳಿದರು.

"ಕೆಲಸದ ವಿಷಯ" ಎಂದೆ.

"ಒಳ್ಳೇ ಕೆಲ್ಸ ಮಾಡ್ತಾರೆ ಅಂತಲಾ?"

ನಾನು ತಲೆ ಆಡಿಸಿದೆ. ಹೌದೆಂದೋ ಅಲ್ಲವೆಂದೋ ಅವರಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕೊನೆಯ ಬಸ್ಸಿಗೆ ಹೊರಟು ಬಂದು, ಮೊಸರನ್ನ ಕಲಸಿಕೊಂಡು ತಿಂದು ಮಲಗಿದೆ. ನಿದ್ದೆ ಚೆನ್ನಾಗಿ ಬಂತು. ಇದನ್ನು ಬರೆಯುವುದಕ್ಕೆ ಮುಜುಗರವಾಗುತ್ತದೆ, ಆದರೆ ಹಾಗೆಯೇ ಆಯಿತು.

ಸೋಮವಾರ ಬೆಳಗ್ಗೆ ಘಟಕದಲ್ಲಿ ನಾನು, ರಂಗಸ್ವಾಮಿ, ಇಬ್ಬರೇ. ಬದಲಿ ಆಪರೇಟರ್ ಮಂಗಳವಾರ ಬರುತ್ತಾರೆ, ಒಂದು ದಿನ ನೀವೇ ನೋಡಿಕೊಳ್ಳಿ ಎಂದು ಮೇಲಿನವರು ಫೋನಿನಲ್ಲಿ ಹೇಳಿದ್ದರು. ನಾನು ಲಾಗ್ ಬುಕ್ ತೆರೆದೆ. ಭಾನುವಾರದ ಪುಟವನ್ನು ಆವತ್ತಿನ ಆಪರೇಟರ್ ತುಂಬಿಸಿದ್ದರು. ಮಗುಚಿದೆ. ಸೋಮವಾರದ ಪುಟ ಆಗಲೇ ತುಂಬಿತ್ತು. ಮೇಲೆ ತಾರೀಕು, ವಾರ. ಕೆಳಗೆ ಏಳರಿಂದ ಆರರವರೆಗೆ ಹನ್ನೆರಡು ಸಾಲು, ಎಲ್ಲವೂ ಸಿದ್ದಪ್ಪನವರ ಅಕ್ಷರ. ಶನಿವಾರ ಸಂಜೆ ಹೋಗುವ ಮುನ್ನ, ಮಧ್ಯೆ ಒಂದು ಪುಟ ಬಿಟ್ಟು ಬರೆದಿಟ್ಟಿದ್ದರು. ನನ್ನ ಪತ್ರದ ನಂತರವೂ.

ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವರ ಹಳೆಯ ಚಾಳಿ, ಅಷ್ಟೆ. ಕಂಡದ್ದು ಆ ಸೊನ್ನೆಗಳು ಮಾತ್ರ. ಹನ್ನೆರಡಕ್ಕೆ ಮತ್ತು ಒಂದಕ್ಕೆ ನೀರು ಸೊನ್ನೆ, ಯೂನಿಟ್ ಸೊನ್ನೆ. ಬಿಸಿಲು ಅತಿ ಹೆಚ್ಚಿರುವ ಹೊತ್ತು ಅದು. ಪಕ್ಕದ ಷರಾ ಕಾಲಂನಲ್ಲಿ, "ಪಂಪು ಬಂದ್. ಒಬ್ಬರು ಒಳಗೆ" ಎಂದಿತ್ತು. ಸಂಪಿಗೆ ಯಾರನ್ನಾದರೂ ಇಳಿಸಿದಾಗ ಅವರು ಬರೆಯುತ್ತಿದ್ದದ್ದು ಅದೇ ಮಾತು. ಸೋಮವಾರ ಸಂಪಿನ ಕೆಲಸ ಏನೋ ಮಾಡಿಸಬೇಕೆಂದಿದ್ದರು, ಇನ್ನು ಮಾಡಿಸುವುದಿಲ್ಲ ಎಂದುಕೊಂಡೆ.

ನಿಯಮದ ಪ್ರಕಾರ ಆ ಪುಟಕ್ಕೆ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು ಸಹಿ ಮಾಡಬೇಕಿತ್ತು. ಪೆನ್ನು ಕೈಯಲ್ಲೇ ಇತ್ತು. ಎಳೆಯಲಿಲ್ಲ. ದುಃಖದಿಂದ ಅಲ್ಲ, ಕೈ ಮುಂದಕ್ಕೆ ಹೋಗಲಿಲ್ಲ, ಅಷ್ಟೆ. ಆಮೇಲೆ ಮಾಡಿದರಾಯಿತು ಎಂದು ಪುಸ್ತಕವನ್ನು ಮೇಜಿನ ಮೇಲೆ ತೆರೆದಂತೆಯೇ ಬಿಟ್ಟು, ಬಿಡಿ ಹಾಳೆಯೊಂದರಲ್ಲಿ ಗಂಟೆ ಗಂಟೆಯ ಲೆಕ್ಕ ಬರೆಯತೊಡಗಿದೆ.

ಹತ್ತು ಗಂಟೆಗೆ ಗೌರಮ್ಮ ಫೋನು ಮಾಡಿದರು. "ಮೇಡಮ್ಮೋ, ನೀರು ಮುದ್ಕ ಉಚ್ಚೆ ಉಯ್ದಂಗೆ ಬತ್ತೈತೆ ಕಣವ್ವ. ಇಂಗೇ ಆದ್ರೆ ನನ್ನ ಉಲ್ಲು ಒಣಗೋಯ್ತದೆ. ಒಸಿ ನೋಡಿ." ಸಂಪಿನೊಳಗೆ ಪಂಪಿನ ಬಾಯಿಗೆ ಒಂದು ಜಾಲರಿ ಇದೆ, ಅದಕ್ಕೆ ಕಸ ಕಟ್ಟಿಕೊಂಡರೆ ಹೀಗಾಗುತ್ತದೆ. ನಾಳೆ ಆಪರೇಟರ್ ಬಂದ ಮೇಲೆ ಬಿಚ್ಚಿಸುತ್ತೇನೆ ಎಂದೆ. ಪಕ್ಕದಲ್ಲಿದ್ದ ರಂಗಸ್ವಾಮಿಗೂ ಅದನ್ನೇ ಹೇಳಿದೆ. ಅವರು "ಸರಿ ಮೇಡಂ" ಎಂದು ಪುಸ್ತಕ ಇದ್ದ ಕೋಣೆಯ ಕಡೆ ಹೋದರು. ನಾನು ಪ್ರಯೋಗಾಲಯದಲ್ಲಿ ಕ್ಲೋರಿನ್ ಪರೀಕ್ಷೆಗೆ ಕುಳಿತೆ.

ಪರೀಕ್ಷೆ ಮುಗಿದು ಗಡಿಯಾರ ನೋಡಿದಾಗ ಹನ್ನೆರಡು ಹತ್ತೊಂಬತ್ತು. ಹನ್ನೆರಡರ ಲೆಕ್ಕ ತಡವಾಯಿತೆಂದು ಪ್ಯಾನೆಲ್ ಕೋಣೆಗೆ ಹೋದೆ. ಒಳಗೆ ಕಾಲಿಟ್ಟಾಗ ಅಲ್ಲಿ ಸದ್ದಿರಲಿಲ್ಲ. ಪಂಪು ಓಡುವಾಗ ಆ ಕೋಣೆಯಲ್ಲಿ ಒಂದು ಗುಂಯ್ ಎನ್ನುವ ಸದ್ದು ಇದ್ದೇ ಇರುತ್ತದೆ. ಡಿಸ್‌ಪ್ಲೇ ನೋಡಿದೆ: ನೀರು ಸೊನ್ನೆ, ಯೂನಿಟ್ ಸೊನ್ನೆ. ಹ್ಯಾಂಡಲ್ ಮೇಲಕ್ಕೇ ಇತ್ತು. ಕಿಟಕಿಯಲ್ಲಿ ನೋಡಿದರೆ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಹಲಗೆಗಳು ಕಣ್ಣು ಕುಕ್ಕುತ್ತಿದ್ದವು. ಹಲಗೆಗಳ ಆಚೆ ಸಂಪಿನ ಮುಚ್ಚಳ ತೆರೆದಿತ್ತು. ಮುಚ್ಚಳದ ಪಕ್ಕ ಒಂದು ಜೊತೆ ಚಪ್ಪಲಿ, ಮಡಿಸಿಟ್ಟ ರಂಗಸ್ವಾಮಿಯ ನೀಲಿ ಅಂಗಿ.

ನಾನು ಹೊರಗೆ ನಾಲ್ಕು ಹೆಜ್ಜೆ ಓಡಿದೆ. ಸಂಪಿನೊಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಕೇಳಿಸಿತು. ಅವರು ಜಾಲರಿ ಬಿಚ್ಚುತ್ತಿದ್ದರು. ಕೂಗಿದರೆ ಅವರು ಕೈ ಅಲ್ಲೇ ಇಟ್ಟುಕೊಂಡು "ಏನು ಮೇಡಂ" ಎಂದು ಕೇಳುತ್ತಾರೆ. ಹಾಗಾಗಿ ಕೂಗದೆ ತಿರುಗಿ ಓಡಿದೆ. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಕೆಳಕ್ಕೆ ಎಳೆದೆ. ಎಳೆದ ಮೇಲೂ ಬಿಡಲಿಲ್ಲ. ಅಲ್ಲಿಂದಲೇ ಅವರ ಹೆಸರು ಹಿಡಿದು ಕೂಗಿದೆ, ಮೇಲೆ ಬರುವವರೆಗೂ ಕೂಗಿದೆ.

ರಂಗಸ್ವಾಮಿ ಎದೆಯವರೆಗೆ ನೆನೆದುಕೊಂಡು, ಕೈಯಲ್ಲಿ ತೆಂಗಿನ ನಾರಿನ ಒಂದು ದೊಡ್ಡ ಉಂಡೆ ಹಿಡಿದುಕೊಂಡು ಬಂದರು. "ನೋಡಿ ಮೇಡಂ, ಯಾವ ನನ್ಮಗ ಚರಂಡಿಗೆ ಆಸ್ಗೆ ಎಸ್ದವ್ನೋ" ಎಂದು ನಕ್ಕರು.

"ಇಳಿಯಿರಿ ಅಂತ ಯಾರು ಹೇಳಿದ್ರು?"

"ಬುಕ್ಕಲ್ಲಿ ಬರ್ದಿತ್ತಲ್ಲಾ ಮೇಡಂ. ಅನ್ನೆಲ್ಡಕ್ಕೆ ಪಂಪು ಬಂದ್, ಒಬ್ರು ಒಳಗೆ ಅಂತ. ಒಬ್ರು ಅಂದ್ರೆ ಇನ್ಯಾರು, ನಾನೇ ತಾನೆ? ಸಂಪಿನತ್ರಾನೇ ಬೀಡಿ ಸೇದ್ಕಂಡು ಕೂತಿದ್ದೆ. ಅನ್ನೆಲ್ಡಾಯ್ತು, ನಿಂತ್ತು, ಇಳ್ದೆ. ನೀವು ಬಂದ್ ಮಾಡಿದ್ರಲ್ವಾ?"

"ನಾನು ಮಾಡಲಿಲ್ಲ. ಅದನ್ನ ಬರೆದದ್ದು ಸಿದ್ದಪ್ಪನವರು. ಶನಿವಾರ ಬರೆದದ್ದು."

"ಗೊತ್ತು ಬುಡಿ. ಅವ್ರ ಅಕ್ಷರ ನಂಗೊತ್ತಿಲ್ವಾ? ಅವ್ರು ಬರ್ದಿದ್ದು ಯಾವತ್ತು ತಪ್ಪಿತ್ತು?" ಎಂದರು. ಆಮೇಲೆ ಅವರ ಕಣ್ಣು ಹ್ಯಾಂಡಲಿನ ಮೇಲೆ, ಅದನ್ನು ಇನ್ನೂ ಹಿಡಿದುಕೊಂಡಿದ್ದ ನನ್ನ ಕೈಗಳ ಮೇಲೆ ಬಿತ್ತು. ನಗು ನಿಂತಿತು. "ಈಗ ಎಳುದ್ರಾ ನೀವು?"

"ಈಗ ಎಳೆದೆ."

ಅವರು ನಾರಿನ ಉಂಡೆಯನ್ನು ಕೆಳಗೆ ಹಾಕಿ ಹೊಸ್ತಿಲಿನ ಮೇಲೆ ಕುಳಿತರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೊಣಕೈವರೆಗೂ ಸವರಿ ನೋಡಿಕೊಂಡರು. "ಇಲ್ಲೀಗಂಟ ಒಳಗಿತ್ತು ಮೇಡಂ" ಎಂದರು. ನೀರು ತಂದುಕೊಟ್ಟೆ, ಕುಡಿದರು. ಜಾಲರಿಯನ್ನು ಮತ್ತೆ ಕೂರಿಸಿ, ಮುಚ್ಚಳ ಹಾಕಿ, ಅವರು ನನ್ನ ಪಕ್ಕದಲ್ಲಿ ನಿಂತ ಮೇಲೆ ಹ್ಯಾಂಡಲ್ ಮೇಲೆತ್ತಿದೆ. ಆಗ ಒಂದು ಗಂಟೆ ಹತ್ತು ನಿಮಿಷ. ಪಂಪು ತಕ್ಷಣ ಓಡಿತು. ಬಿಡಿ ಹಾಳೆಯಲ್ಲಿ ಹನ್ನೆರಡಕ್ಕೂ ಒಂದಕ್ಕೂ ಸೊನ್ನೆ ಬರೆದೆ.

ಆ ಯಂತ್ರ ಪ್ರತಿ ನಿಮಿಷದ ಲೆಕ್ಕ ಇಟ್ಟುಕೊಳ್ಳುತ್ತದೆ. ಸಂಜೆ ತೆಗೆದು ನೋಡಿದೆ. ಪಂಪು ನಿಂತದ್ದು ಹನ್ನೊಂದು ಐವತ್ತೆಂಟಕ್ಕೆ. ನಾನು ಹ್ಯಾಂಡಲ್ ಎಳೆದದ್ದು ಹನ್ನೆರಡು ಇಪ್ಪತ್ತೊಂದಕ್ಕೆ. ಅದು "ಕೈಯಿಂದ ಬಂದ್" ಎಂದು ಬೇರೆಯಾಗಿ ದಾಖಲಾಗಿತ್ತು. ನಡುವಿನ ಇಪ್ಪತ್ಮೂರು ನಿಮಿಷಗಳಿಗೆ ಯಾವ ಕಾರಣವೂ ದಾಖಲಾಗಿರಲಿಲ್ಲ. ಮೋಡವಿದ್ದರೆ ಹಲಗೆಗಳ ವೋಲ್ಟೇಜು ಕಡಿಮೆಯಾಗಬೇಕು, ಆಗಿರಲಿಲ್ಲ. ಜಾಲರಿ ಕಟ್ಟಿಕೊಂಡು ಪಂಪು ನಿಂತರೆ ಅದಕ್ಕೊಂದು ಸಂಕೇತ ಬರುತ್ತದೆ, ಬಂದಿರಲಿಲ್ಲ. ನಾನೇ ಮರೆವಿನಲ್ಲಿ ಬಂದ್ ಮಾಡಿದ್ದೆನೇ ಎಂದೂ ಯೋಚಿಸಿದೆ. ಆ ದಿನ ಯಾವುದೂ ನನ್ನ ಮನಸ್ಸಿಗೆ ನಾಟುತ್ತಿರಲಿಲ್ಲ, ಹಾಗಾಗಿ ಅದನ್ನೂ ತಳ್ಳಿಹಾಕಲಿಲ್ಲ. ಆದರೆ ಕೈಯಿಂದ ಬಂದ್ ಆದದ್ದು ಆ ದಿನ ಒಂದೇ ಸಲ. ಮುಂದಿನ ವಾರ ಹಾಸನದಿಂದ ಬಂದ ಮೆಕ್ಯಾನಿಕ್ ಎರಡು ಗಂಟೆ ನೋಡಿ, "ಇದು ಹಿಂಗೆ ನಿಲ್ಲೋಕೆ ಚಾನ್ಸೇ ಇಲ್ಲ ಮೇಡಂ, ನಿಂತ್ರೂ ಅರ್ಧ ನಿಮಿಷಕ್ಕೆ ತಾನೇ ಎತ್ಕೊಳ್ಳುತ್ತೆ" ಎಂದು ಟೀ ಕುಡಿದು ಹೋದ. ಆಮೇಲೆ ಇಂದಿನವರೆಗೂ ಅದು ಹಾಗೆ ನಿಂತಿಲ್ಲ.

ಪುಟದಲ್ಲಿ ಅದನ್ನು ಯಾಕೆ ಬರೆದಿದ್ದರು ಎಂಬುದಕ್ಕೆ ಮಾತ್ರ ಉತ್ತರ ಸಿಕ್ಕಿದೆ. "ಸಿದ್ದಪ್ಪಂಗೆ ಶುಕ್ರವಾರ್ವೇ ಯೋಳಿದ್ದೆ, ಸೋಮವಾರ ಮದ್ಯಾನ ರಂಗನ್ನ ಇಳ್ಸಿ ಕಸ ತೆಗುಸ್ತೀನಿ ಅಂದಿದ್ದ" ಎಂದು ಗೌರಮ್ಮ ಕೆಲವು ದಿನದ ಮೇಲೆ ಹೇಳಿದರು. ಮಾಡಬೇಕೆಂದಿದ್ದ ಕೆಲಸವನ್ನು ಎಂದಿನಂತೆ ಮುಂಚೆಯೇ ಬರೆದಿಟ್ಟಿದ್ದರು. ಅದರಲ್ಲಿ ನನಗೆ ಅನುಮಾನವಿಲ್ಲ.

ನಾನು ಬಿಡಿಸಲಾರದ್ದು ಬೇರೆ. ಆ ಪುಟ ಇಲ್ಲದಿದ್ದರೆ ರಂಗಸ್ವಾಮಿ ಇಳಿಯುತ್ತಿರಲಿಲ್ಲ. ಅಡ್ಡಗೆರೆ ಎಳೆಯದೆ ಅದನ್ನು ಮೇಜಿನ ಮೇಲೆ ತೆರೆದಿಟ್ಟವಳು ನಾನು. ಅವರನ್ನು ಇಳಿಸಿದ್ದು ಆ ಅಕ್ಷರವಾದರೆ, ಪಂಪನ್ನು ನಿಲ್ಲಿಸಿ ಇಪ್ಪತ್ಮೂರು ನಿಮಿಷ ಹಿಡಿದಿಟ್ಟದ್ದು ಏನು? ಸಿದ್ದಪ್ಪನವರು ಎಂದು ರಂಗಸ್ವಾಮಿ ಹೇಳುತ್ತಾರೆ, ಸಲೀಸಾಗಿ, ಬಸ್ಸು ಬಂತು ಎಂದು ಹೇಳುವ ಹಾಗೆ. ನನಗೆ ಹಾಗೆ ಹೇಳಲು ಆಗುವುದಿಲ್ಲ. ಅಲ್ಲ ಎನ್ನಲೂ ನನ್ನ ಹತ್ತಿರ ಏನೂ ಇಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಿಲ್ಲ. ಆ ಪುಟದ ಕೊನೆಯಲ್ಲಿ ದಿನದ ಒಟ್ಟು ಯೂನಿಟ್ ಎಷ್ಟೆಂದು ಅವರು ಬರೆದಿದ್ದರು. ಯಂತ್ರದಲ್ಲೂ ಆ ದಿನದ ಒಟ್ಟು ಇದೆ. ಎರಡನ್ನೂ ಹೋಲಿಸಲು ಒಂದು ನಿಮಿಷ ಸಾಕು. ಮೂರು ವರ್ಷದಿಂದ ನಾನು ಹೋಲಿಸಿಲ್ಲ.

ಆ ಸೋಮವಾರದ ಮರುದಿನ ಬೆಳಗ್ಗೆ ನಾನು ಎಂದಿನ ಬಸ್ಸು ಬಿಟ್ಟೆ. ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರದ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲ ಮೇಲೆ, ಬಾಗಿಲು ತೆಗೆಯುವವರೆಗೆ ಕುಳಿತಿದ್ದೆ. ಹ್ಯಾಂಡಲಿನ ತೂತಿಗೆ ಹಿಡಿಯುವಂಥ ಒಂದು ಬೀಗ ಕೊಂಡೆ. ಸಂಪಿಗೆ ಇಳಿಯುವವರು ಹ್ಯಾಂಡಲ್ ಕೆಳಗೆಳೆದು, ತಾವೇ ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಜೊತೆಗೇ ಒಳಗೆ ಒಯ್ಯಬೇಕು. ಆಗ ಮೇಲಿರುವವರು ಯಾರೂ ಅದನ್ನು ಎತ್ತಲಾಗುವುದಿಲ್ಲ. ಅಂಗಡಿಯವರು ಬೀಗದ ಜೊತೆ ಎರಡು ಕೈ ಕೊಟ್ಟರು. ಇನ್ನೊಂದನ್ನು ಗರಗಸದಲ್ಲಿ ಕೊಯ್ದುಬಿಡಿ ಎಂದೆ.

"ಒಂದು ಕಳೆದೋದ್ರೆ ಏನ್ ಮಾಡ್ತೀರಮ್ಮ?" ಎಂದು ಕೇಳಿದರು.

"ಬೀಗ ಒಡೀತೀವಿ" ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಅದನ್ನು ಇಕ್ಕಳಕ್ಕೆ ಸಿಕ್ಕಿಸಿ ಕೊಯ್ದುಕೊಟ್ಟರು. ತುಂಡುಗಳು ಇನ್ನೂ ಬಿಸಿಯಾಗಿದ್ದವು. ಕಾಗದದಲ್ಲಿ ಸುತ್ತಿಕೊಂಡು ಮುಂದಿನ ಬಸ್ಸು ಹತ್ತಿದೆ.